ದೊಮ್ಮಲೂರಿನಿಂದ ಆಕಾಶಕ್ಕೆ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಹಳೆಯ ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು ಎಂದಿದೆ. ಅಲ್ಲಿಂದ ಹಳೇ ವಿಮಾನ ನಿಲ್ದಾಣದ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ವಿಮಾನಪುರದಲ್ಲಿ ಉಪಗ್ರಹ ಕೇಂದ್ರ. 2018ರಿಂದ ಅದಕ್ಕೆ ಉಡುಪಿ ಸಮೀಪದ ಅದಮಾರಿನ ಯು. ಆರ್. ರಾವ್ ಅವರ ಹೆಸರು.

ನಮ್ಮ ತಂದೆಗೆ ಈ ಕೆಲಸದ ಮೇಲೆ ಸಿಟ್ಟು. "ನಲ್ಲೀಲಿ ನೀರಿಲ್ಲ, ಇವರು ಆಕಾಶಕ್ಕೆ ಏಣಿ ಹಾಕ್ತಾರೆ" ಎನ್ನುತ್ತಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ.

ರಾವ್ ಅವರ ತಂಡ ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ 'ಆರ್ಯಭಟ'ವನ್ನು ಕಟ್ಟಿತು. ಸುಮಾರು 360 ಕಿಲೋ ತೂಕದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಮೇಲೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಕಟ್ಟುವುದನ್ನು ಕಲಿತ ಕೈಗಳು ಮಾತ್ರ ಉಳಿದವು. 1981ರಲ್ಲಿ ಹಾರಿದ 'ಆಪಲ್' ಸಂಪರ್ಕ ಉಪಗ್ರಹವನ್ನು ಪರೀಕ್ಷೆಗೆಂದು ಎತ್ತಿನ ಗಾಡಿಯ ಮೇಲಿಟ್ಟಿದ್ದರು; ಲೋಹದ ವಾಹನವಾದರೆ ಆಂಟೆನಾದ ಅಳತೆ ಕೆಡುತ್ತಿತ್ತು. ಆ ಚಿತ್ರವನ್ನು ಬಡತನದ ಗುರುತೆಂದುಕೊಂಡವರುಂಟು. ಅದು ಲೆಕ್ಕಾಚಾರದ ಗುರುತು.

1988ರ ಮಾರ್ಚ್ 17ರಂದು ಮೇಲೇರಿದ ಐಆರ್‌ಎಸ್-1ಎ ಅಲ್ಲಿಂದ ನೋಡಿದ್ದು ನಮ್ಮ ನೆಲವನ್ನೇ: ಬೆಳೆ, ಕಾಡು, ಕೆರೆ. ಅಂತರ್ಜಲ ಹುಡುಕುವವರಿಗೂ ಇಂಥ ಚಿತ್ರಗಳು ನೆರವಾದವು. ಇದನ್ನು ತಂದೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಏಣಿ ಕೆಳಗೂ ಇಳಿಯುತ್ತೆ ಅನ್ನು" ಎಂದರು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಅವರಿರಲಿಲ್ಲ. ಬೀದಿಯವರೆಲ್ಲ ಹಿಗ್ಗಿದರು, ನಾನೂ ಹಿಗ್ಗಿದೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಬಂದು ನಿಂತಾಗ ಮಾತ್ರ ಅವರ ಹಳೆಯ ಸಿಟ್ಟು ನೆನಪಾಗುತ್ತದೆ.