ಸಣ್ಣ ಉದ್ದಿಮೆಗೆ ಸನ್ಮಾನ: ಹಿಂದೂಪುರ, ಕಲ್ಯಾಣದುರ್ಗದ ಕನ್ನಡಿಗರಿಗೊಂದು ಕೈಪಿಡಿ

ನವೆಂಬರ್ ಹತ್ತಿರ ಬಂತೆಂದರೆ ಗಡಿನಾಡಿನ ಕನ್ನಡ ಸಂಘಗಳಲ್ಲಿ ಸನ್ಮಾನಿತರ ಪಟ್ಟಿ ತಯಾರಾಗುತ್ತದೆ. ಸಾಹಿತಿ, ಶಿಕ್ಷಕ, ಕಲಾವಿದ, ಸಮಾಜಸೇವಕ ಎಂದು ಹೆಸರುಗಳು ಸಲೀಸಾಗಿ ಬರುತ್ತವೆ. ಹಿಟ್ಟಿನ ಗಿರಣಿ ನಡೆಸುವವರು, ಮನೆಯಲ್ಲೇ ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವ ತಾಯಂದಿರು, ಹೊಲಿಗೆ ಅಂಗಡಿಯವರು, ವೆಲ್ಡಿಂಗ್ ಶಾಪ್‌ನವರು ನಮಗೆ ನೆನಪಾಗುವುದು ಸಾಮಾನ್ಯವಾಗಿ ಶಾಮಿಯಾನದ ಖರ್ಚಿಗೆ ದೇಣಿಗೆ ಬೇಕಾದಾಗ. ಇದು ಸರಿಯಲ್ಲ ಎಂದು ನಮಗೆ ಬಹಳ ದಿನದಿಂದ ಅನ್ನಿಸಿದೆ. ಹಾಗಾಗಿ ಸಣ್ಣ ಉದ್ದಿಮೆದಾರರಿಗೆ ಎಲ್ಲೆಲ್ಲಿ ಮನ್ನಣೆ ಸಿಗುತ್ತದೆ, ಅದಕ್ಕೆ ಏನು ಸಿದ್ಧತೆ ಬೇಕು, ಯಾವ ಪ್ರಶಸ್ತಿಯಿಂದ ದೂರ ಇರಬೇಕು, ಸಂಘವೇ ಪ್ರಶಸ್ತಿ ಕೊಡುವುದಾದರೆ ಹೇಗೆ ಕೊಡಬೇಕು ಎಂಬುದನ್ನು ಇಲ್ಲಿ ಒಟ್ಟಿಗೆ ಕೊಡುತ್ತಿದ್ದೇವೆ.

ಎರಡು ಊರು, ಎರಡು ಜಿಲ್ಲೆ

ಮೊದಲು ವಿಳಾಸದ ವಿಷಯ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಹಿಂದೆ ಅನಂತಪುರ ಜಿಲ್ಲೆಯಲ್ಲೇ ಇದ್ದವು. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ ಜಿಲ್ಲೆಗಳ ಮರುವಿಂಗಡಣೆ ಆದಾಗ ಹಿಂದೂಪುರ, ಮಡಕಶಿರಾ, ಪೆನುಕೊಂಡ, ಧರ್ಮಾವರಂ ಕಡೆಯ ಭಾಗಗಳು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಅದರ ಕೇಂದ್ರ ಪುಟ್ಟಪರ್ತಿ. ಕಲ್ಯಾಣದುರ್ಗ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದವು. ಜಿಲ್ಲಾ ಮಟ್ಟದ ಯಾವುದೇ ಅರ್ಜಿ, ಶಿಫಾರಸು, ಪ್ರಮಾಣಪತ್ರಕ್ಕೆ ಹಿಂದೂಪುರದವರು ಪುಟ್ಟಪರ್ತಿಯ ಕಡೆಗೂ ಕಲ್ಯಾಣದುರ್ಗದವರು ಅನಂತಪುರದ ಕಡೆಗೂ ಹೋಗಬೇಕು. ಹಳೆಯ ಬಿಲ್ ಪುಸ್ತಕ, ಅಂಗಡಿ ಬೋರ್ಡು, ಬ್ಯಾಂಕ್ ದಾಖಲೆಗಳಲ್ಲಿ ಹಳೆಯ ಜಿಲ್ಲೆಯ ಹೆಸರೇ ಉಳಿದಿದ್ದರೆ ಅರ್ಜಿ ಹಾಕುವ ಮುನ್ನ ಸರಿಪಡಿಸಿಕೊಳ್ಳಿ.

ಈ ಸೀಮೆಯ ಕನ್ನಡ ಹೊಸದೇನೂ ಅಲ್ಲ. ಅಮರಾಪುರಂ ಮಂಡಲದ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ, ರಾಯದುರ್ಗದ ಕಡೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಬದುಕಿನ ವ್ಯಾಪಾರವೂ ಗಡಿಯ ಎರಡೂ ಬದಿಗೆ ಹರಡಿದೆ. ಹಿಂದೂಪುರದ ಬೆಲ್ಲ, ಹುಣಸೆಹಣ್ಣು, ರೇಷ್ಮೆಗೂಡಿನ ಮಾರುಕಟ್ಟೆಗಳಿಗೆ ಗೌರಿಬಿದನೂರು, ಮಧುಗಿರಿಯ ಕಡೆಯವರು ಹೊಸಬರಲ್ಲ. ಕಡಲೆಕಾಯಿ ಬೆಳೆಯುವ ಕಲ್ಯಾಣದುರ್ಗಕ್ಕೆ ಪಾವಗಡ, ಚಳ್ಳಕೆರೆ ನೆರೆಮನೆಗಳಿದ್ದಂತೆ.

‘ಸಣ್ಣ’ ಎಂದರೆ ಎಷ್ಟು?

ಪ್ರಶಸ್ತಿಯ ಅರ್ಜಿಯಲ್ಲಿ ಅತಿಸಣ್ಣ, ಸಣ್ಣ, ಮಧ್ಯಮ ಎಂಬ ಪದಗಳು ಕಾನೂನಿನ ಅರ್ಥದಲ್ಲೇ ಬರುತ್ತವೆ. 2006ರ ಕೇಂದ್ರ ಕಾಯ್ದೆಯಡಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಗಳು ಹೀಗಿವೆ:

ಅತಿಸಣ್ಣ: ಯಂತ್ರೋಪಕರಣಗಳ ಮೇಲೆ ಹೂಡಿಕೆ 2.5 ಕೋಟಿ ರೂಪಾಯಿವರೆಗೆ, ವಾರ್ಷಿಕ ವಹಿವಾಟು 10 ಕೋಟಿವರೆಗೆ.
ಸಣ್ಣ: ಹೂಡಿಕೆ 25 ಕೋಟಿವರೆಗೆ, ವಹಿವಾಟು 100 ಕೋಟಿವರೆಗೆ.
ಮಧ್ಯಮ: ಹೂಡಿಕೆ 125 ಕೋಟಿವರೆಗೆ, ವಹಿವಾಟು 500 ಕೋಟಿವರೆಗೆ.

ನಮ್ಮ ಸಂಘದ ಓದುಗರಲ್ಲಿ ಬಹುತೇಕ ಎಲ್ಲರೂ ಮೊದಲ ಸಾಲಿಗೇ ಸೇರುತ್ತಾರೆ. 10 ಕೋಟಿ ವಹಿವಾಟಿನ ಕಾರ್ಖಾನೆಯೂ 3 ಲಕ್ಷ ವಹಿವಾಟಿನ ಚಕ್ಕುಲಿ ವ್ಯಾಪಾರವೂ ಕಾನೂನಿನ ಲೆಕ್ಕದಲ್ಲಿ ಒಂದೇ ವರ್ಗ. ದೊಡ್ಡ ಪ್ರಶಸ್ತಿಗಳಲ್ಲಿ ತೀರ ಚಿಕ್ಕವರು ಕಾಣಿಸಿಕೊಳ್ಳುವುದು ಕಷ್ಟವಾಗಲು ಇದೂ ಒಂದು ಕಾರಣ. ಆ ಕೊರತೆ ತುಂಬುವ ಕೆಲಸ ಊರಿನ ಸಂಘಗಳದ್ದು.

ಅರ್ಜಿಗೆ ಮೊದಲು ಬೇಕಾದ ಕಾಗದ

1. ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಆರಂಭವಾದ ಈ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಸಾಕು. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ತಾಣಗಳು ಹಣ ಕೇಳುತ್ತವೆ, ಮೋಸಹೋಗಬೇಡಿ. ಕಿರಾಣಿ, ಬಟ್ಟೆ ಅಂಗಡಿಯಂಥ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ 2021ರ ಜುಲೈನಿಂದ ನೋಂದಣಿಗೆ ಅವಕಾಶವಿದೆ. ಆದರೆ ಅವರಿಗೆ ಸಿಗುವುದು ಬ್ಯಾಂಕ್‌ಗಳ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ.

2. ಜಿಎಸ್‌ಟಿ. ಆಂಧ್ರದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಿಲ್ಲ. ಆದರೆ ಗಡಿಯವರು ಎಡವುವುದು ಇಲ್ಲೇ. ತೆರಿಗೆ ಬೀಳುವ ಸರಕನ್ನು ಹಿಂದೂಪುರದಿಂದ ಗೌರಿಬಿದನೂರಿನ ಅಂಗಡಿಗೆ ಕಳುಹಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ. ಆಗ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಬೇಕಾಗುತ್ತದೆ, ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಎಂದು ನಾವು ಅಂದುಕೊಂಡರೂ ತೆರಿಗೆ ಇಲಾಖೆಗೆ ಅದು ಬೇರೆ ರಾಜ್ಯವೇ. ನಿಮ್ಮ ಲೆಕ್ಕ ನೋಡುವವರನ್ನು ಒಮ್ಮೆ ಕೇಳಿ.

3. ತಿಂಡಿ, ಹಿಟ್ಟು, ಎಣ್ಣೆ, ಉಪ್ಪಿನಕಾಯಿ ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ.

4. ಮೂರು ವರ್ಷದ ಲೆಕ್ಕಪತ್ರ. ಚಿಕ್ಕ ವ್ಯಾಪಾರವಾದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಜಮೆ, ಖರೀದಿ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಸಾಲಕ್ಕೂ ಇದೇ ಫೈಲು ಬರುತ್ತದೆ.

ಪ್ರಶಸ್ತಿ ಸಿಗದಿದ್ದರೂ ಈ ನಾಲ್ಕು ಕಾಗದಗಳಿಂದ ನಷ್ಟವಿಲ್ಲ. ಪ್ರಶಸ್ತಿಗೆ ಅರ್ಜಿ ಹಾಕಿ ಎಂದು ನಾವು ಒತ್ತಾಯ ಮಾಡುವುದರ ಅರ್ಧ ಉದ್ದೇಶ ಅದೇ.

ಸರ್ಕಾರ ಕೊಡುವ ಮನ್ನಣೆಗಳು

ರಾಷ್ಟ್ರೀಯ ಎಂಎಸ್‌ಎಂಇ ಪ್ರಶಸ್ತಿ: ಕೇಂದ್ರದ ಎಂಎಸ್‌ಎಂಇ ಸಚಿವಾಲಯ ಆನ್‌ಲೈನ್ ಅರ್ಜಿ ಕರೆದು ಕೊಡುವ ಪ್ರಶಸ್ತಿ. ತಯಾರಿಕೆ, ಸೇವೆ, ಮಹಿಳಾ ಉದ್ದಿಮೆ, ಪರಿಶಿಷ್ಟರ ಉದ್ದಿಮೆ, ಅಂಗವಿಕಲರ ಉದ್ದಿಮೆ ಹೀಗೆ ಹಲವು ವಿಭಾಗಗಳಿವೆ. 2022ರ ಸಾಲಿನ ಪ್ರಶಸ್ತಿಗಳನ್ನು ಆ ವರ್ಷ ಜೂನ್ 30ರಂದು ದೆಹಲಿಯಲ್ಲಿ ಪ್ರಧಾನಿಯವರು ವಿತರಿಸಿದರು. ಜೂನ್ 27 ವಿಶ್ವಸಂಸ್ಥೆ 2017ರಲ್ಲಿ ಘೋಷಿಸಿದ ಸಣ್ಣ ಉದ್ದಿಮೆಗಳ ದಿನ. ಆ ವೇಳೆಗೆ ಪ್ರಕಟಣೆಗಳನ್ನು ಗಮನಿಸುತ್ತಿರಿ.

ಝೆಡ್ ಪ್ರಮಾಣಪತ್ರ: ಇದು ಸ್ಪರ್ಧೆಯಲ್ಲ, ಗುಣಮಟ್ಟದ ಮುದ್ರೆ. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳು. ಈಗಿನ ರೂಪದಲ್ಲಿ 2022ರ ಏಪ್ರಿಲ್ 28ರಂದು ಆರಂಭವಾದ ಯೋಜನೆಯಲ್ಲಿ ಅತಿಸಣ್ಣ ಘಟಕಗಳಿಗೆ ಶುಲ್ಕದ ಶೇ. 80ರಷ್ಟು ಸಹಾಯಧನ ಇಟ್ಟಿದ್ದಾರೆ, ಮಹಿಳೆಯರ ಘಟಕಗಳಿಗೆ ಮುಂದೆ ಅದನ್ನು ಪೂರ್ತಿ ಮಾಡಿದರು. ಹಿಂದೂಪುರದ ಸುತ್ತಲಿನ ಕೈಗಾರಿಕಾ ಪ್ರದೇಶಗಳಿಗೆ ಬಿಡಿಭಾಗ, ಪ್ಯಾಕಿಂಗ್ ಒದಗಿಸುವವರಿಗೆ ಗೋಡೆಯ ಮೇಲಿನ ಹತ್ತು ಫಲಕಗಳಿಗಿಂತ ಇದು ಉಪಯೋಗಕ್ಕೆ ಬರುತ್ತದೆ.

ಪಿಎಂ ವಿಶ್ವಕರ್ಮ: 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಮಡಿವಾಳ, ಹೂಮಾಲೆ ಕಟ್ಟುವವರು, ಬುಟ್ಟಿ ಚಾಪೆ ಹೆಣೆಯುವವರು ಸೇರಿ 18 ಕಸುಬುಗಳಿಗೆ ಪ್ರಮಾಣಪತ್ರ, ಗುರುತಿನ ಚೀಟಿ, ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದರಲ್ಲಿವೆ. ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲವೂ ಉಂಟು. ವೇದಿಕೆಯ ಮೆರುಗಿಲ್ಲದ ಮನ್ನಣೆ ಇದು. ಆದರೂ ಕಸುಬಿನವರ ಕೈಗೆ ನೇರ ಸಿಗುವಂಥದ್ದು.

ಕೈಮಗ್ಗ, ಕರಕುಶಲ: ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 2015ರಿಂದ ಆಚರಣೆಯಲ್ಲಿದೆ. ನೇಕಾರರಿಗೆ ಸಂತ ಕಬೀರ್ ಪ್ರಶಸ್ತಿ ಮತ್ತು ರಾಷ್ಟ್ರೀಯ ಕೈಮಗ್ಗ ಪ್ರಶಸ್ತಿ, ಕುಶಲಕರ್ಮಿಗಳಿಗೆ ಶಿಲ್ಪಗುರು ಮತ್ತು ರಾಷ್ಟ್ರೀಯ ಕರಕುಶಲ ಪ್ರಶಸ್ತಿಗಳಿವೆ. ಧರ್ಮಾವರಂ ರೇಷ್ಮೆ ಸೀರೆಗೂ ಗಡಿಯಾಚೆಯ ಮೊಳಕಾಲ್ಮೂರು ಸೀರೆಗೂ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ಒಬ್ಬರಿಗೆ ಶಾಲು ಹೊದಿಸುವ ಬದಲು ಊರಿನ ನೇಕಾರರಿಗೆಲ್ಲ ಸೇರಿದ ಗೌರವ ಅದು.

ಧರ್ಮಾವರಂ ಮಂಡಲದ ನಿಮ್ಮಲಕುಂಟ ಗ್ರಾಮ ಇದಕ್ಕೆ ಒಳ್ಳೆಯ ಉದಾಹರಣೆ. ತೊಗಲುಗೊಂಬೆ ಆಟಕ್ಕೆ ಪ್ರೇಕ್ಷಕರು ಕಡಿಮೆಯಾದಾಗ ಅಲ್ಲಿನ ಕಲಾವಿದರು ಅದೇ ಚರ್ಮ, ಅದೇ ಬಣ್ಣ, ಅದೇ ಉಳಿಯಿಂದ ದೀಪದ ಕವಚ, ಗೋಡೆ ಚಿತ್ರ ಮಾಡಿ ಮಾರಲು ಕಲಿತರು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳ ಹೆಸರು ‘ಲೇಪಾಕ್ಷಿ’, ಹಿಂದೂಪುರದ ಪಕ್ಕದ ಊರಿನದೇ ಹೆಸರು. ಕಲೆಯೂ ಕಸುಬೂ ವ್ಯಾಪಾರವೂ ಒಂದೇ ಮನೆಯಲ್ಲಿ ಇರಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಕರ್ನಾಟಕದ ಬಾಗಿಲು ನಮಗೆ ತೆರೆದಿದೆಯೇ?

ಅರ್ಧ ತೆರೆದಿದೆ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಮೈಸೂರು ವಾಣಿಜ್ಯ ಮಂಡಳಿ ಇಂದಿನ ಎಫ್‌ಕೆಸಿಸಿಐ. ಅದು ಸರ್ ಎಂ.ವಿ. ಸ್ಮಾರಕ ಪ್ರಶಸ್ತಿ ನೀಡುತ್ತದೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದಲೂ ಮಹಿಳಾ ಉದ್ಯಮಿಗಳ ಸಂಘ ಅವೇಕ್ 1983ರಿಂದಲೂ ಕೆಲಸ ಮಾಡುತ್ತಿವೆ. ಆದರೆ ಇವುಗಳ ಮುಖ್ಯ ಕಾರ್ಯಕ್ಷೇತ್ರ ಕರ್ನಾಟಕವೇ. ರಾಜ್ಯ ಸರ್ಕಾರದ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ಹೊರನಾಡ ಕನ್ನಡಿಗರಿಗೆ ಜಾಗ ಇದೆ, ಆದರೆ ಅದು ಜೀವಮಾನದ ಸಾಧನೆ ನೋಡಿ ಕೊಡುವಂಥದ್ದು.

ಹೀಗಾಗಿ ಕಲ್ಯಾಣದುರ್ಗದಲ್ಲಿ ಎಣ್ಣೆ ಗಾಣ ಇಟ್ಟ ಕನ್ನಡಿಗ ಕರ್ನಾಟಕಕ್ಕೆ ಹೊರಗಿನವನು, ಆಂಧ್ರದ ಅರ್ಜಿಯ ತೆಲುಗು ಇಂಗ್ಲಿಷಿನ ಮುಂದೆ ಹಿಂಜರಿಯುವವನು. ತೆಲುಗು ಮಾತಾಡಲು ನಮ್ಮವರಿಗೆ ಕಷ್ಟವಿಲ್ಲ, ದಿನದ ವ್ಯಾಪಾರವೇ ತೆಲುಗಿನಲ್ಲಿ ನಡೆಯುತ್ತದೆ. ಬರೆಯುವಾಗ ಮಾತ್ರ ಕೈ ತಡೆಯುತ್ತದೆ. ಸಂಘದಲ್ಲಿ ಎರಡೂ ಭಾಷೆ ಬರೆಯಬಲ್ಲ ಶಿಕ್ಷಕರು, ನಿವೃತ್ತ ನೌಕರರು ಇದ್ದೇ ಇರುತ್ತಾರೆ. ತಿಂಗಳಿಗೊಂದು ಭಾನುವಾರ ಅವರು ಎರಡು ಗಂಟೆ ಕೂತರೆ ಹತ್ತು ಅರ್ಜಿ ಮುಗಿಯುತ್ತವೆ.

ಹಣ ಕೊಟ್ಟು ತರುವ ಪ್ರಶಸ್ತಿ

ಈಗ ಕಹಿ ಮಾತು. ‘ನಿಮ್ಮ ಅಂಗಡಿ ಈ ವರ್ಷದ ಶ್ರೇಷ್ಠ ಉದ್ದಿಮೆ ಎಂದು ಆಯ್ಕೆಯಾಗಿದೆ’ ಎಂದು ಒಂದು ಕರೆ ಬರುತ್ತದೆ. ನೀವು ಅರ್ಜಿಯನ್ನೇ ಹಾಕಿರುವುದಿಲ್ಲ. ಮುಂದೆ ನೋಂದಣಿ ಶುಲ್ಕ, ಫಲಕದ ಖರ್ಚು, ಊಟದ ಟೇಬಲ್ಲು, ವೇದಿಕೆಯ ಫೋಟೋ ಎಂದು ಒಂದೊಂದಾಗಿ ಹಣ ಕೇಳುತ್ತಾರೆ. ಕೊಟ್ಟವರಿಗೆಲ್ಲ ಪ್ರಶಸ್ತಿ ಸಿಗುತ್ತದೆ. ವರ್ಷದ ಕೊನೆಗೆ ಕೈಯಲ್ಲಿ ಉಳಿದ ನಾಲ್ಕು ಕಾಸು ಹೀಗೆ ಹೋದರೆ ಮಕ್ಕಳ ಶಾಲೆಯ ಫೀಸಿಗೋ ಮಂಡಿಯ ಬಾಕಿಗೋ ಕತ್ತರಿ ಬೀಳುತ್ತದೆ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ? ಅಳತೆಗೋಲು ಏನು? ಹಣ ಕೊಡದಿದ್ದರೂ ಪ್ರಶಸ್ತಿ ಕೊಡುತ್ತೀರಾ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಿ.

ಇದೇ ಮಾತು ನಮಗೂ ಅನ್ವಯಿಸುತ್ತದೆ. ರಾಜ್ಯೋತ್ಸವಕ್ಕೆ ಹೆಚ್ಚು ದೇಣಿಗೆ ಕೊಟ್ಟವರಿಗೇ ‘ಉತ್ತಮ ಉದ್ಯಮಿ’ ಎಂದು ಪೇಟ ತೊಡಿಸಿದರೆ ನಾವೂ ಪ್ರಶಸ್ತಿ ಮಾರಿದಂತೆಯೇ. ದಾನಿಗಳಿಗೆ ಕೃತಜ್ಞತೆ ಹೇಳೋಣ, ದಾನಿಗಳೆಂದೇ ಹೇಳೋಣ. ಎರಡನ್ನೂ ಬೆರೆಸುವುದು ಬೇಡ.

ಸಂಘವೇ ಪ್ರಶಸ್ತಿ ಕೊಡುವುದಾದರೆ

ನಮ್ಮ ಸಲಹೆಗಳು ಇವು:

- ಒಂದೇ ಊರಿನಲ್ಲಿ ಕನಿಷ್ಠ ಮೂರು ವರ್ಷ ನಡೆದ ಉದ್ದಿಮೆ ಆಗಿರಲಿ.
- ಲಾಭವನ್ನಷ್ಟೇ ನೋಡಬೇಡಿ. ಕೆಲಸದವರಿಗೆ ಸಂಬಳ ತಡವಾಗದೆ ಕೊಡುತ್ತಾರೆಯೇ ಎಂದು ಕೆಲಸದವರನ್ನೇ ಕೇಳಿ.
- ಸರಕು ಕೊಟ್ಟವರ ಬಾಕಿಯನ್ನು ಹೊತ್ತಿಗೆ ತೀರಿಸುತ್ತಾರೆಯೇ ನೋಡಿ. ಸಣ್ಣ ಉತ್ಪಾದಕರಿಗೆ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ.
- ವಹಿವಾಟು 10 ಲಕ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗ ಇರಲಿ. ಇಲ್ಲದಿದ್ದರೆ ದೊಡ್ಡವರ ನೆರಳಲ್ಲಿ ಚಿಕ್ಕವರು ಕಾಣುವುದೇ ಇಲ್ಲ.
- ಆಯ್ಕೆ ಸಮಿತಿಯಲ್ಲಿ ಸಂಘದ ಪದಾಧಿಕಾರಿಗಳಿಗಿಂತ ಹೊರಗಿನವರು ಹೆಚ್ಚಿರಲಿ, ಒಬ್ಬರಾದರೂ ತೆಲುಗು ಬಂಧುಗಳಿರಲಿ. ಪದಾಧಿಕಾರಿಗಳೂ ಅವರ ಮನೆಯವರೂ ಸ್ಪರ್ಧೆಗೆ ಬೇಡ.
- ಅರ್ಜಿಗೆ ಶುಲ್ಕ ಬೇಡ. ಆಯ್ಕೆಯ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ಸಭೆಯಲ್ಲಿ ಓದಿ.
- ಶಾಲು, ಹಾರದ ಜೊತೆಗೆ ಕೆಲಸಕ್ಕೆ ಬರುವ ಏನಾದರೂ ಕೊಡಿ. ತೂಕದ ಯಂತ್ರ, ಕನ್ನಡ ತೆಲುಗು ಎರಡರಲ್ಲೂ ಬರೆಸಿದ ಅಂಗಡಿ ಬೋರ್ಡು, ಸಂಘದ ಸಮಾರಂಭದ ಊಟ ತಿಂಡಿಯ ಆರ್ಡರು, ಯಾವುದಾದರೂ ಸರಿ.

ನವೆಂಬರ್ 1 ಕರ್ನಾಟಕಕ್ಕೂ ಆಂಧ್ರಪ್ರದೇಶಕ್ಕೂ 1956ರಲ್ಲಿ ಒಂದೇ ದಿನ ಬಂದ ಹುಟ್ಟುಹಬ್ಬ. ಎರಡೂ ನಾಡಿನ ಗಿರಾಕಿಗಳಿಗೆ ತಕ್ಕಡಿ ಹಿಡಿದು ಬದುಕುವವರನ್ನು ಗೌರವಿಸಲು ಅದಕ್ಕಿಂತ ಒಳ್ಳೆಯ ದಿನ ನಮಗೆ ತೋಚುತ್ತಿಲ್ಲ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಅವರ ಒಪ್ಪಿಗೆ ಪಡೆದು, ಏಕೆ ಯೋಗ್ಯರು ಎಂದು ನಾಲ್ಕು ಮಾತು ಬರೆದು ಸಂಘಕ್ಕೆ ತಲುಪಿಸಿ. ಅರ್ಜಿ ತುಂಬಲು ಬರದವರಿದ್ದರೆ ಕರೆದುಕೊಂಡೇ ಬನ್ನಿ, ಕೂತು ತುಂಬೋಣ.