ಉಕ್ಕಿನ ಮನುಷ್ಯರಿಗಿಂತ ಮೊದಲು ಬಂದವರು

ಟ್ರಯಥ್ಲಾನ್ ಎಂದ ತಕ್ಷಣ ಬಹಳ ಮಂದಿಗೆ ನೆನಪಾಗುವುದು ಐರನ್‌ಮ್ಯಾನ್. ಸಮುದ್ರದಲ್ಲಿ 3.8 ಕಿ.ಮೀ. ಈಜು, ಆಮೇಲೆ 180 ಕಿ.ಮೀ. ಸೈಕಲ್, ಅದೂ ಸಾಲದೆಂಬಂತೆ ಕೊನೆಗೆ 42 ಕಿ.ಮೀ. ಮ್ಯಾರಥಾನ್ ಓಟ. ಪತ್ರಿಕೆಯಲ್ಲಿ ಅಂಥ ಸ್ಪರ್ಧೆಯ ಫೋಟೊ ನೋಡಿ, 'ಇದು ನಮ್ಮಂಥವರಿಗಲ್ಲ ಬಿಡಿ' ಎಂದು ಪುಟ ತಿರುಗಿಸುವವರೇ ಹೆಚ್ಚು. ನಾವೂ ಹಾಗೆಯೇ ತಿರುಗಿಸಿದವರು.

ಆದರೆ ಇದೇ ಆಟಕ್ಕೆ ಸ್ಪ್ರಿಂಟ್ ಎಂಬ ಇನ್ನೊಂದು ರೂಪವಿದೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಕೆಲವು ತಿಂಗಳು ಬೆಳಗ್ಗೆ ಬೇಗ ಎದ್ದು ಅಭ್ಯಾಸ ಮಾಡಿದ ಮೇಷ್ಟ್ರು, ನರ್ಸು, ಬ್ಯಾಂಕಿನ ಗುಮಾಸ್ತರು ಒಂದೂವರೆ ಎರಡು ಗಂಟೆಯಲ್ಲಿ ಮುಗಿಸಬಹುದಾದ ಸ್ಪರ್ಧೆ. ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಸ್ಥಳೀಯ ಟ್ರಯಥ್ಲಾನ್‌ಗಳಲ್ಲಿ ಹವ್ಯಾಸಿಗಳು ಹೆಚ್ಚಾಗಿ ಸೇರುವುದು ಇದಕ್ಕೇ. ಇದನ್ನು ಐರನ್‌ಮ್ಯಾನ್‌ನ ಮರಿ ಎಂದೋ, ದೊಡ್ಡ ಸ್ಪರ್ಧೆಗೆ ಹೋಗುವ ಮೊದಲ ಮೆಟ್ಟಿಲೆಂದೋ ಕರೆಯುವ ರೂಢಿಯಿದೆ. ಇತಿಹಾಸ ಕೆದಕಿದರೆ ಸಂಬಂಧ ತಿರುವುಮುರುವಾಗಿದೆ. ಮೊದಲು ಹುಟ್ಟಿದ್ದು ಚಿಕ್ಕ ಓಟ. ಐರನ್‌ಮ್ಯಾನ್ ಅದರ ತಮ್ಮ.

ಒಂದು ಬುಧವಾರದ ಸಂಜೆ

ಓಟ, ಸೈಕಲ್, ಈಜು ಮೂರನ್ನೂ ಸೇರಿಸಿದ ಸ್ಪರ್ಧೆಗಳು 1920ರ ದಶಕದಲ್ಲೇ ಫ್ರಾನ್ಸಿನಲ್ಲಿ ನಡೆದಿದ್ದವು. ಅವು ಅಲ್ಲಲ್ಲೇ ಉಳಿದವು. ಇವತ್ತಿನ ಟ್ರಯಥ್ಲಾನ್‌ನ ಬೇರು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಊರಿನಲ್ಲಿ, ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ.

ಅದು 1970ರ ದಶಕದ ಆರಂಭ. ಅಮೆರಿಕದ ಮಧ್ಯಮ ವರ್ಗಕ್ಕೆ ಜಾಗಿಂಗ್ ಹುಚ್ಚು ಹಿಡಿದಿದ್ದ ಕಾಲ. ಸ್ಯಾನ್ ಡಿಯೇಗೊದಲ್ಲಿ ಡೇವಿಡ್ ಪೇನ್ ಎಂಬ ವಕೀಲರಿದ್ದರು. 1972ರಲ್ಲಿ ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ ಅವರು ಗೆಳೆಯರನ್ನು ಕರೆದು, ಒಂದಷ್ಟು ದೂರ ಓಡಿ ಒಂದಷ್ಟು ದೂರ ಈಜುವ ಸ್ಪರ್ಧೆ ಇಟ್ಟರು. ಮರುವರ್ಷ ಅದರಲ್ಲಿ ಭಾಗವಹಿಸಿದವರಲ್ಲಿ ಜ್ಯಾಕ್ ಜಾನ್‌ಸ್ಟನ್ ಒಬ್ಬರು. ಕಾಲೇಜಿನಲ್ಲಿ ಈಜುಗಾರರಾಗಿದ್ದು, ಆಮೇಲೆ ಓಟಕ್ಕೆ ಇಳಿದಿದ್ದವರು. ಓಟದಲ್ಲಿ ಅವರು ಸಾಧಾರಣ, ಈಜು ಸೇರಿಕೊಂಡರೆ ಮುಂದಿನ ಸಾಲು. ಅವರಿಗೆ ಈ ಬೆರಕೆ ಆಟ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಥದ್ದನ್ನೇ ನಾವೂ ನಡೆಸೋಣ ಎಂದು ಸ್ಯಾನ್ ಡಿಯೇಗೊ ಟ್ರ್ಯಾಕ್ ಕ್ಲಬ್ಬನ್ನು ಕೇಳಿದರು. ಅದೇ ಕ್ಲಬ್ಬಿನ ಡಾನ್ ಶಾನಹಾನ್ ಅವರಿಗೆ ಸೈಕಲ್ ಸೇರಿಸುವ ಆಸೆಯಿತ್ತು. ಎರಡು ಯೋಚನೆ ಕೂಡಿ ಮೂರು ಆಟವಾಯಿತು.

1974ರ ಸೆಪ್ಟೆಂಬರ್ 25, ಬುಧವಾರ. ಕೆಲಸದ ದಿನವಾದ್ದರಿಂದ ಸ್ಪರ್ಧೆ ನಡೆದದ್ದು ಸಂಜೆ. ಪ್ರವೇಶ ಶುಲ್ಕ ಒಂದು ಡಾಲರ್. ಸೈಕಲ್ ಅವರವರೇ ತರಬೇಕು. ಒಟ್ಟು ಆರು ಮೈಲಿ ಓಟ, ಐದು ಮೈಲಿ ಸೈಕಲ್, 500 ಗಜ ಈಜು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 9.7 ಕಿ.ಮೀ., 8 ಕಿ.ಮೀ. ಮತ್ತು 457 ಮೀಟರ್. ಬಂದವರು 46 ಮಂದಿ. ಗೆದ್ದ ಬಿಲ್ ಫಿಲಿಪ್ಸ್ ತೆಗೆದುಕೊಂಡ ಸಮಯ 55 ನಿಮಿಷ 44 ಸೆಕೆಂಡು. ಹಿಂದುಳಿದವರು ದಡ ಸೇರುವ ಹೊತ್ತಿಗೆ ಕತ್ತಲಾಗಿತ್ತು. ಸಂಘಟಕರು ಕಾರುಗಳನ್ನು ತಂದು ನಿಲ್ಲಿಸಿ ಹೆಡ್‌ಲೈಟ್ ಬೆಳಕು ಬಿಟ್ಟರು.

ಬಹುಮಾನದ ಟ್ರೋಫಿ ಮಾಡಿಸಲು ಹೋದಾಗ ಅಂಗಡಿಯವನು ಟ್ರಯಥ್ಲಾನ್ ಪದದ ಕಾಗುಣಿತ ಕೇಳಿದನಂತೆ. ಯಾವ ನಿಘಂಟಿನಲ್ಲೂ ಪದವಿರಲಿಲ್ಲ. ಹೇಗೆ ಬರೆಯಬೇಕೆಂದು ತಾವೇ ತೀರ್ಮಾನಿಸಬೇಕಾಯಿತು ಎಂದು ಜಾನ್‌ಸ್ಟನ್ ಮುಂದೆ ನೆನಪಿಸಿಕೊಂಡಿದ್ದಾರೆ. ಗ್ರೀಕಿನ 'ಟ್ರೈ' ನಮ್ಮ 'ತ್ರಿ'ಯ ದಾಯಾದಿಯೇ, ಆಥ್ಲಾನ್ ಎಂದರೆ ಸ್ಪರ್ಧೆ. ಹುಟ್ಟಿದ ದಿನದ ಟ್ರಯಥ್ಲಾನ್ ಎಂದರೆ ಇಷ್ಟೇ: ಕೆಲಸ ಮುಗಿಸಿ ಬಂದ ಜನ, ತಮ್ಮದೇ ಸೈಕಲ್, ಒಂದು ಗಂಟೆಯ ಆಟ. ದೂರಗಳನ್ನು ಇವತ್ತಿನ ಸ್ಪ್ರಿಂಟ್ ಪಕ್ಕದಲ್ಲಿಟ್ಟು ನೋಡಿ. ಓಟ ಮಾತ್ರ ಜಾಸ್ತಿ. ಈಜೂ ಸೈಕಲ್ಲೂ ಅದಕ್ಕಿಂತ ಕಡಿಮೆ.

ವಾದದಿಂದ ಹುಟ್ಟಿದ ತಮ್ಮ

ಆ ಸಂಜೆಯ 46 ಮಂದಿಯಲ್ಲಿ ಒಂದು ಕುಟುಂಬವಿತ್ತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಹೆಂಡತಿ ಜೂಡಿ, ಅವರ ಇಬ್ಬರು ಮಕ್ಕಳು. ಮುಂದೆ ಈ ಕುಟುಂಬ ಹವಾಯಿ ದ್ವೀಪಗಳಿಗೆ ಹೋಯಿತು. ಅಲ್ಲಿ 1977ರಲ್ಲಿ ಒಂದು ರಿಲೇ ಓಟದ ಬಹುಮಾನ ಸಮಾರಂಭ. ಓಟಗಾರರು ಗಟ್ಟಿಯೋ, ಈಜುಗಾರರು ಗಟ್ಟಿಯೋ ಎಂಬ ವಾದ ಎದ್ದಿತು. ಸೈಕಲ್ ಸವಾರರೂ ಕಡಿಮೆಯವರಲ್ಲ ಎಂದರು ಕಾಲಿನ್ಸ್. ಹಾಗಾದರೆ ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ದೊಡ್ಡ ಸ್ಪರ್ಧೆಗಳನ್ನು, ವೈಕೀಕಿಯ ಸಮುದ್ರ ಈಜು, ಓಹು ದ್ವೀಪ ಸುತ್ತುವ ಸೈಕಲ್ ಯಾತ್ರೆ, ಹೊನೊಲುಲು ಮ್ಯಾರಥಾನ್, ಒಂದೇ ದಿನದಲ್ಲಿ ಮುಗಿಸಲಿ. ಗೆದ್ದವನನ್ನು ಐರನ್‌ಮ್ಯಾನ್ ಎಂದು ಕರೆಯೋಣ ಎಂದರು.

1978ರ ಫೆಬ್ರವರಿ 18ರಂದು ಹೊರಟವರು 15 ಮಂದಿ, ಮುಗಿಸಿದವರು 12. ಗಾರ್ಡನ್ ಹ್ಯಾಲರ್ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಗೆದ್ದರು. ಕಾಲಿನ್ಸ್ ಅವರಿಗೆ 17 ಗಂಟೆ ಹಿಡಿಯಿತು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಸಹಾಯಕರ ಬಳಿ ನೀರು ಮುಗಿದು, ಓಡುವಾಗಲೇ ಬಿಯರ್ ಕೊಟ್ಟ ಕಥೆ ಇವತ್ತಿಗೂ ಈ ಆಟದ ಜನರ ಬಾಯಲ್ಲಿದೆ. ಇವರೂ ಹವ್ಯಾಸಿಗಳೇ. ಆ ವರ್ಷ ಕಣದಲ್ಲಿ ಹೆಂಗಸರಿರಲಿಲ್ಲ. ಮರುವರ್ಷ ಲಿನ್ ಲೆಮೇರ್ ಒಬ್ಬರೇ ಹೆಣ್ಣಾಗಿ ಹೊರಟು, ಎಲ್ಲರನ್ನೂ ಸೇರಿಸಿ ಐದನೆಯವರಾಗಿ ಮುಗಿಸಿದರು.

ಅಣ್ಣನನ್ನು ಮರೆಸಿದ್ದು ಸುದ್ದಿ

ಹುಟ್ಟಿ ನಾಲ್ಕು ವರ್ಷ ದೊಡ್ಡದಾದ ಚಿಕ್ಕ ಓಟವನ್ನು ಜನ ಮರೆತು, ಉದ್ದದ ಓಟವೇ ಟ್ರಯಥ್ಲಾನ್ ಎಂದು ನಂಬಿದ್ದು ಹೇಗೆ? ಪತ್ರಿಕೋದ್ಯಮ ಓದಿದ ನಮಗೆ ಈ ಪ್ರಶ್ನೆಯ ಮುಂದೆ ಸುಮ್ಮನಿರಲು ಆಗುವುದಿಲ್ಲ. ಉತ್ತರದ ಬಹುಪಾಲು ನಮ್ಮ ಕಸುಬಿನಲ್ಲೇ ಇದೆ.

1979ರ ಹವಾಯಿ ಸ್ಪರ್ಧೆಯ ಬಗ್ಗೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬ್ಯಾರಿ ಮೆಕ್‌ಡರ್ಮಟ್ ದೀರ್ಘ ಲೇಖನ ಬರೆದರು. ಆ ವರ್ಷವೂ ಹೊರಟವರು ಹದಿನೈದೇ ಮಂದಿ. ಲೇಖನ ಬಂದ ಮೇಲೆ, 1980ರಲ್ಲಿ 108. ಅದೇ ವರ್ಷ ಎಬಿಸಿ ಟಿ.ವಿ.ಯ ಕ್ಯಾಮೆರಾ ಬಂತು. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಮುಂಚೂಣಿಯಲ್ಲಿ ಓಡುತ್ತಿದ್ದವರು, ಗೆರೆಗೆ ಕೆಲವೇ ಮೀಟರ್ ಇರುವಾಗ ಕುಸಿದರು. ಕ್ಯಾಥ್ಲೀನ್ ಮೆಕಾರ್ಟ್ನಿ ಅವರನ್ನು ದಾಟಿ ಗೆದ್ದರು. ಮಾಸ್ ತೆವಳಿಕೊಂಡು ಹೋಗಿ ಗೆರೆ ಮುಟ್ಟಿದರು, ವ್ಯತ್ಯಾಸ 29 ಸೆಕೆಂಡು. ಆ ದೃಶ್ಯ ಮನೆಮನೆಯ ಟಿ.ವಿ.ಯಲ್ಲಿ ಬಂತು. ಅದನ್ನು ನೋಡಿ ಸಾವಿರಾರು ಜನ ಈ ಆಟಕ್ಕೆ ಬಂದರು, ನಿಜ. ಟ್ರಯಥ್ಲಾನ್ ಎಂದರೆ ಬಿದ್ದು ತೆವಳುವ ಆಟ ಎಂಬ ಚಿತ್ರ ಅಂಟಿಕೊಂಡದ್ದೂ ಅಷ್ಟೇ ನಿಜ.

ಅಸಾಧಾರಣವಾದದ್ದೇ ಸುದ್ದಿ ಎಂದು ನಮಗೆ ಕಲಿಸುತ್ತಾರೆ. ಆ ಪಾಠ ಪೂರ್ತಿ ತಪ್ಪಲ್ಲ. ಆದರೆ ಬರೀ ಅದನ್ನೇ ಬರೆದರೆ ಒಂದು ಆಟದ ಜಾತಕವೇ ಬದಲಾಗಿಬಿಡುತ್ತದೆ. ಕಾರಿನ ಬೆಳಕಿನಲ್ಲಿ ದಡ ಸೇರಿದವರ ಬಗ್ಗೆ ಯಾರೂ ದೊಡ್ಡ ಲೇಖನ ಬರೆಯಲಿಲ್ಲ. ಹಾಗಾಗಿ ಅವರ ಆಟ ಅಭ್ಯಾಸದ ಆಟವಾಯಿತು, ಹೊಸಬರ ಆಟವಾಯಿತು.

ಚಿಕ್ಕದು ಮರಳಿ ಬಂದ ದಾರಿ

ಇಷ್ಟಾದರೂ ಚಿಕ್ಕ ಓಟ ಸಾಯಲಿಲ್ಲ. ಮಾಸ್ ಕುಸಿದ 1982ರಲ್ಲೇ ಅಮೆರಿಕದಲ್ಲಿ ಊರೂರಿಗೆ ಹೋಗಿ ಕಡಿಮೆ ದೂರದ ಟ್ರಯಥ್ಲಾನ್ ನಡೆಸುವ ಸರಣಿಯೊಂದು ಶುರುವಾಯಿತು. ಅದರಲ್ಲಿ ಬಳಕೆಗೆ ಬಂದ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟವೇ ಮುಂದೆ ಒಲಿಂಪಿಕ್ ದೂರ ಎನಿಸಿಕೊಂಡಿತು. 1989ರಲ್ಲಿ ಫ್ರಾನ್ಸಿನ ಅವಿನ್ಯೊನ್‌ನಲ್ಲಿ ಅಂತರರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟ ಸ್ಥಾಪನೆಯಾಯಿತು. 2000ದ ಸಿಡ್ನಿಯಲ್ಲಿ ಟ್ರಯಥ್ಲಾನ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. 2006ರ ದೋಹಾದಲ್ಲಿ ಏಷ್ಯನ್ ಗೇಮ್ಸ್‌ಗೂ ಬಂತು.

ಒಲಿಂಪಿಕ್ ದೂರದ ಸರಿಯಾಗಿ ಅರ್ಧವೇ ಸ್ಪ್ರಿಂಟ್. ಅದನ್ನು ಈಗ ಯಾರೂ ಬರೀ ಹೊಸಬರ ಆಟ ಎಂದು ತಳ್ಳಿಹಾಕುವಂತಿಲ್ಲ. 2016ರ ರಿಯೊದಲ್ಲಿ ಪ್ಯಾರಾಲಿಂಪಿಕ್ಸ್‌ಗೆ ಟ್ರಯಥ್ಲಾನ್ ಸೇರಿದಾಗ ಆರಿಸಿಕೊಂಡದ್ದು ಇದೇ 750 ಮೀಟರ್, 20 ಕಿ.ಮೀ., 5 ಕಿ.ಮೀ. ಲೆಕ್ಕವನ್ನು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ವೈಯಕ್ತಿಕ ಸ್ಪರ್ಧೆಯ ದೂರ ಇದೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಿಶ್ರ ರಿಲೇ ಇನ್ನೂ ಗಿಡ್ಡ. ಇಬ್ಬರು ಹೆಂಗಸರು, ಇಬ್ಬರು ಗಂಡಸರ ತಂಡ. ಒಬ್ಬೊಬ್ಬರಿಗೆ 300 ಮೀಟರ್ ಈಜು, 6.8 ಕಿ.ಮೀ. ಸೈಕಲ್, 2 ಕಿ.ಮೀ. ಓಟ.

ಹವ್ಯಾಸಿಗೆ ಸ್ಪ್ರಿಂಟ್ ಸುಲಭ ಎಂದು ಇದರರ್ಥವಲ್ಲ. ಈಗ ಈಜು ಮೊದಲು ಬರುತ್ತದೆ. ಸುಸ್ತಾದವರು ಕೊನೆಯಲ್ಲಿ ನೀರಿಗಿಳಿಯುವುದು ಅಪಾಯ ಎಂಬ ತಿಳಿವಳಿಕೆ ಅದರ ಹಿಂದಿದೆ. ಹೊಸಬರು ಹೆಚ್ಚು ಹೆದರುವುದೂ ಅಲ್ಲೇ: ಕೈಕಾಲು ಬಡಿಯುವವರ ನಡುವೆ ಉಸಿರು ತಪ್ಪುತ್ತದೆ. ಅದಕ್ಕೇ ಅನುಭವಿಗಳು 'ಹಿಂದೆ ನಿಲ್ಲಿ, ಪಕ್ಕದಲ್ಲಿ ನಿಲ್ಲಿ' ಎನ್ನುತ್ತಾರೆ. ನೀರಿನಿಂದೆದ್ದು ಸೈಕಲ್ ಹತ್ತುವ, ಸೈಕಲ್ ಇಳಿದು ಓಡುವ ಬದಲಾವಣೆಯ ಹೊತ್ತೂ ಗಡಿಯಾರದ ಲೆಕ್ಕಕ್ಕೆ ಸೇರುತ್ತದೆ. ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ಮುಟ್ಟುವಂತಿಲ್ಲ. 20 ಕಿ.ಮೀ. ತುಳಿದು ಇಳಿದವರ ಕಾಲು ಮೊದಲ ಕೆಲವು ನಿಮಿಷ ತಮ್ಮದಲ್ಲವೆನ್ನುವಂತೆ ಇರುತ್ತದೆ. ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸ ಮಾಡಿದವರಿಗೆ ಮಾತ್ರ ಅದು ಹೊಸದೆನಿಸುವುದಿಲ್ಲ. ಫಲಿತಾಂಶದ ಪಟ್ಟಿಯನ್ನು ವಯಸ್ಸಿನ ಗುಂಪುಗಳಾಗಿ ವಿಂಗಡಿಸುತ್ತಾರೆ. ಐವತ್ತೆಂಟರ ಹೆಂಗಸಿಗೆ ಇಪ್ಪತ್ತೆರಡರ ಹುಡುಗನ ಜೊತೆ ಪೈಪೋಟಿಯಿಲ್ಲ, ಆದರೆ ಇಬ್ಬರೂ ತುಳಿಯುವ ರಸ್ತೆ ಒಂದೇ.

ನಮ್ಮ ಕಡೆಗೆ ಒಂದು ಮಾತು

ಈ ಇತಿಹಾಸವನ್ನು ಸರಿಯಾಗಿ ಹೇಳಬೇಕೆಂದು ನಾವು ಹಟ ಹಿಡಿಯಲು ಕಾರಣವಿದೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವುದು ಮಾಮೂಲಿ ನೋಟವಾಯಿತು. ಓಟವನ್ನಂತೂ ಯಾರೂ ಕಲಿಸಬೇಕಿಲ್ಲ. ಈಜು ಮಾತ್ರ ಗಂಡುಹುಡುಗರ ಪಾಲು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸುತ್ತಿದ್ದದ್ದು ಹೆಚ್ಚಾಗಿ ಅವರನ್ನೇ. ಮೂರು ಆಟದಲ್ಲಿ ಎರಡು ಬರುವ ಹುಡುಗಿ ಮೂರನೆಯದರ ಬಾಗಿಲಲ್ಲಿ ನಿಂತಿದ್ದಾಳೆ. ಕಾವಲುಗಾರರಿರುವ, ಕಲಿಸುವವರಿರುವ ಒಂದು ಈಜುಕೊಳ ತಾಲ್ಲೂಕಿನಲ್ಲಿದ್ದರೆ ಅವಳು ಒಳಗೆ ಬರುತ್ತಾಳೆ. ಕೆರೆ, ಕೃಷಿಹೊಂಡಗಳಲ್ಲಿ ಮುಳುಗಿ ಹೋಗುವ ಮಕ್ಕಳ ಸುದ್ದಿ ಬರೆದು ಬರೆದು ಬೇಸತ್ತಿರುವ ನಮಗೆ, ಆ ಕೊಳ ಬರೀ ಆಟದ ವಿಷಯವೂ ಅಲ್ಲ.

ಅವಳಿಗೆ ಟ್ರಯಥ್ಲಾನ್ ಎಂದರೆ 226 ಕಿ.ಮೀ., ಲಕ್ಷಾಂತರ ರೂಪಾಯಿಯ ಸೈಕಲ್, ಉಕ್ಕಿನ ಮೈ ಎಂದು ಹೇಳಿದರೆ ಪುಟ ತಿರುಗಿಸುತ್ತಾಳೆ. ಒಂದು ಡಾಲರ್ ಕೊಟ್ಟು, ಮನೆಯ ಸೈಕಲ್ ತಂದು, ಸಂಜೆ ಒಂದು ಗಂಟೆ ಆಡಿದ ಜನ ಇದನ್ನು ಶುರುಮಾಡಿದರು ಎಂದು ಹೇಳಿದರೆ, ಬಹುಶಃ ಸೈಕಲ್ಲಿನ ಗಾಳಿ ನೋಡುತ್ತಾಳೆ. ಎರಡನೆಯದೇ ಇತಿಹಾಸಕ್ಕೆ ಹತ್ತಿರದ ಮಾತು. ನಿಮ್ಮ ಊರಿನಲ್ಲಿ ಇಂಥದ್ದೊಂದು ಸ್ಪರ್ಧೆ ನಡೆದರೆ ಗೆದ್ದವರ ಫೋಟೊ ತೆಗೆದಾದ ಮೇಲೆ ಹೊರಟುಬಿಡಬೇಡಿ. ಕೊನೆಯವರು ಬರುವ ತನಕ ನಿಂತು, ಅವರ ಹೆಸರನ್ನೂ ಬರೆದುಕೊಳ್ಳಿ.