ಕ್ಯಾಮೆರಾ ಬರುವ ಮೊದಲೇ ಆಡಿ ಮುಗಿಸಿದವರು

ಎರಡು ಸುದ್ದಿ ಹೇಳ್ತೀನಿ. ಎರಡೂ 2022ರವು. ನಡುವೆ ಬರೀ ಮೂರು ತಿಂಗಳ ಅಂತರ.

ಮೊದಲನೆಯದು ಫೆಬ್ರವರಿ 25ರದ್ದು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಪ್ರೊ ಕಬಡ್ಡಿ ಎಂಟನೇ ಸೀಸನ್ನಿನ ಫೈನಲ್. ಪಟ್ನಾ ಪೈರೇಟ್ಸ್ ಮತ್ತು ದಬಾಂಗ್ ಡೆಲ್ಲಿ. ಪಟ್ನಾ ತಂಡದ ಕ್ಯಾಪ್ಟನ್ ಯಾರು? ಬಿಹಾರದವರಲ್ಲ, ಹರಿಯಾಣದವರೂ ಅಲ್ಲ. ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ. ಸ್ಕೋರು 37–36. ಒಂದೇ ಒಂದು ಅಂಕದಲ್ಲಿ ಪಟ್ನಾ ಸೋತಿತು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಪುತ್ತೂರಿನ ಹುಡುಗರು ಮೊಬೈಲ್ ಹಿಡಿದುಕೊಂಡೇ ತಲೆಗೆ ಕೈಯಿಟ್ಟುಕೊಂಡರು.

ಎರಡನೆಯದು ಅದೇ ವರ್ಷದ ಮೇ ತಿಂಗಳಿನದ್ದು. ಮಾಣಿಯ ಉದಯ ಚೌಟ ತೀರಿಕೊಂಡರು. ಇನ್ನೂ ಐವತ್ತು ತುಂಬದ ವಯಸ್ಸು. ಭಾರತ ತಂಡದ ಅಂಗಿ ತೊಟ್ಟು 2007ರ ಕಬಡ್ಡಿ ವಿಶ್ವಕಪ್ ಗೆದ್ದವರಲ್ಲಿ ಒಬ್ಬರು. ರಾಜ್ಯ ಸರ್ಕಾರದ ಏಕಲವ್ಯ ಪ್ರಶಸ್ತಿ ಪಡೆದವರು. ಕರಾವಳಿಯ ಪತ್ರಿಕೆಗಳು, ಅಲ್ಲಿನ ಕಬಡ್ಡಿ ಬಳಗ ಅವರನ್ನು ಕಳಿಸಿಕೊಟ್ಟವು. ಉಳಿದ ಕರ್ನಾಟಕದಲ್ಲಿ ಕೇಳಿ ನೋಡಿ, "ಯಾರು?" ಅಂತಾರೆ.

ಪ್ರಶಾಂತ್ ರೈ ಅವರ ಹೆಸರು ಗೊತ್ತು, ಉದಯ ಚೌಟರದ್ದು ಗೊತ್ತಿಲ್ಲ. ಯಾಕೆ? ವಿಶ್ವಕಪ್ ಗೆದ್ದವರು ಚೌಟರು. ಆದರೂ ಯಾಕೆ? ಇವತ್ತು ಈ ಪ್ರಶ್ನೆಯ ಬೆನ್ನು ಹತ್ತೋಣ.

ಮೊದಲು ಊರು. ಮಂಗಳೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಬಂಟ್ವಾಳ ದಾಟಿದ ಮೇಲೆ ಮಾಣಿ ಸಿಗುತ್ತದೆ. ಅಲ್ಲಿ ರಸ್ತೆ ಎರಡಾಗುತ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ಕಾಗದದ ಮೇಲೆ ಮಾಣಿ ಬಂಟ್ವಾಳ ತಾಲೂಕು. ಆದರೆ ಕಬಡ್ಡಿಗೆ ತಾಲೂಕಿನ ಗಡಿ ಎಲ್ಲಿದೆ? ಪುತ್ತೂರು, ಸುಳ್ಯ, ಅವೆರಡರ ಹಳ್ಳಿಗಳನ್ನು ಸೇರಿಸಿಕೊಂಡು ಈಚೆಗೆ ತಾಲೂಕಾದ ಕಡಬ, ಎಲ್ಲ ಕಡೆಯೂ ಒಂದೇ ಆಟ, ಒಂದೇ ಮಣ್ಣು.

ಈ ಮಣ್ಣಿನ ಮಾತು ಸುಮ್ಮನೆ ಹೇಳಿದ್ದಲ್ಲ. ಬಾಸ್ಕೆಟ್‌ಬಾಲ್ ಆಡಬೇಕಾದರೆ ಕಾಂಕ್ರೀಟ್ ಅಂಗಳ ಬೇಕು, ಎರಡು ಕಂಬ ಬೇಕು, ಬಳೆ ಬೇಕು, ಚೆಂಡು ಬೇಕು. ಹಾಗಾಗಿ ಅದು ಕಾಲೇಜಿನ ಕಾಂಪೌಂಡು ಬಿಟ್ಟು ಹೊರಗೆ ಬರಲಿಲ್ಲ. ಕ್ರಿಕೆಟ್ಟಿಗೆ ಬ್ಯಾಟು, ಬಾಲು. ಕಬಡ್ಡಿಗೆ? ಕೊಯ್ಲು ಮುಗಿದ ಒಂದು ಗದ್ದೆ ಸಾಕು. ದಕ್ಷಿಣ ಕನ್ನಡದಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆಯ ಲೆಕ್ಕವಿತ್ತು. ಬೆಳೆ ತೆಗೆದ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದರೆ ಆಯ್ತು, ಅಂಕಣ ರೆಡಿ. ಬರಿಗಾಲು, ಒಂದು ಚಡ್ಡಿ, ಒಂದು ಉಸಿರು. ದುಡ್ಡಿಲ್ಲದ ಮನೆಯ ಹುಡುಗನೂ ದುಡ್ಡಿದ್ದ ಮನೆಯ ಹುಡುಗನ ಕಾಲು ಹಿಡಿದು ಎಳೆಯಬಹುದಾದ ಆಟ ಇದೊಂದೇ!

ಆಮೇಲೆ ಗದ್ದೆಗಳು ತೋಟಗಳಾದವು. ಅಡಿಕೆ ಬಂತು, ರಬ್ಬರ್ ಬಂತು. 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಕೃಷಿಕರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಒಳ್ಳೆಯದೇ. ಆದರೆ ಆಟದ ಗದ್ದೆ ಹೋಯಿತು. ಕಬಡ್ಡಿ ಸಾಯಲಿಲ್ಲ, ಜಾಗ ಬದಲಿಸಿತು. ಶಾಲೆಯ ಮೈದಾನಕ್ಕೆ, ದೇವಸ್ಥಾನದ ಮುಂದಿನ ಬಯಲಿಗೆ ಬಂತು. ಯುವಕ ಮಂಡಲಗಳು ಕೈಗೆತ್ತಿಕೊಂಡವು. "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ" ಅನ್ನುವ ಬ್ಯಾನರ್ ಕಾಣದ ಪೇಟೆ ಆ ಕಡೆ ಇಲ್ಲ. ಮೈಕಿನಲ್ಲಿ ತುಳು, ಕನ್ನಡ ಎರಡೂ ಕಲೆಸಿದ ವೀಕ್ಷಕ ವಿವರಣೆ. ಸುತ್ತ ಚರುಂಬುರಿ, ಗೋಳಿಬಜೆ. ಬೆಳಗಿನ ಜಾವಕ್ಕೆ ಫೈನಲ್.

ಉದಯ ಚೌಟರ ತಲೆಮಾರು ಬೆಳೆದದ್ದು ಈ ಬೆಳಕಿನಲ್ಲಿ. ಟಿವಿಯ ಬೆಳಕಿನಲ್ಲಲ್ಲ, ಮೈದಾನಕ್ಕೆ ಕಟ್ಟಿದ ಬಲ್ಬಿನ ಬೆಳಕಿನಲ್ಲಿ. ಆ ವ್ಯತ್ಯಾಸವೇ ಈ ಕತೆಯ ತಿರುಳು.

ಈಗ 2007ಕ್ಕೆ ಬನ್ನಿ. ಆ ವರ್ಷ ಭಾರತ ಎರಡು ವಿಶ್ವಕಪ್ ಗೆದ್ದಿತು. ಒಂದು ನಿಮಗೆಲ್ಲ ಗೊತ್ತು. ಸೆಪ್ಟೆಂಬರ್ 24, ಜೋಹಾನ್ಸ್‌ಬರ್ಗ್, ಧೋನಿ ತಂಡ, ಪಾಕಿಸ್ತಾನದ ಮೇಲೆ 5 ರನ್ನಿನ ಗೆಲುವು. ಆಮೇಲೆ ಮುಂಬೈಯಲ್ಲಿ ತೆರೆದ ಬಸ್ಸಿನ ಮೆರವಣಿಗೆ, ಮಳೆಯಲ್ಲೂ ರಸ್ತೆ ತುಂಬ ಜನ. ಇನ್ನೊಂದು ವಿಶ್ವಕಪ್ ನಡೆದದ್ದು ಅದೇ ಮುಂಬೈಯ ಪಕ್ಕದ ಪನ್ವೇಲ್‌ನಲ್ಲಿ. ಕಬಡ್ಡಿ. ಫೈನಲ್‌ನಲ್ಲಿ ಇರಾನನ್ನು ಭಾರತ 29–19ರಲ್ಲಿ ಸೋಲಿಸಿತು. 2004ರ ಮೊದಲ ವಿಶ್ವಕಪ್ಪಿನಲ್ಲೂ ಎದುರಾಳಿ ಇರಾನೇ, ಗೆದ್ದವರು ನಾವೇ. ಅದೇ ವರ್ಷ, ಅದೇ ದೇಶ, ಎದೆಯ ಮೇಲೆ ಅದೇ ತ್ರಿವರ್ಣ. ಒಂದು ಕಪ್ಪಿನ ಹನ್ನೊಂದು ಹೆಸರು ಮಕ್ಕಳೂ ಹೇಳ್ತಾರೆ. ಇನ್ನೊಂದು ಕಪ್ಪಿನ ಏಳು ಹೆಸರು ಹೇಳಿ ನೋಡೋಣ?

ಕೆಲವರು ತಕ್ಷಣ ಹೇಳ್ತಾರೆ, "ಸಾರ್, ಕಬಡ್ಡಿಯಲ್ಲಿ ಕಾಂಪಿಟಿಷನ್ನೇ ಇರಲಿಲ್ಲ, ಭಾರತ ಗೆಲ್ಲೋದು ಮಾಮೂಲಿ." ಈ ಮಾತಿಗೆ ಉತ್ತರವನ್ನು ಇತಿಹಾಸವೇ ಕೊಟ್ಟಿದೆ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿ ಸೇರಿತು. ಅಲ್ಲಿಂದ 2014ರವರೆಗೆ ಪುರುಷರ ಏಳು ಚಿನ್ನವೂ ಭಾರತದ್ದೇ. 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಅದೇ ಇರಾನ್ ನಮ್ಮನ್ನು 27–18ರಲ್ಲಿ ಕೆಡವಿತು. ಅವತ್ತು ದೇಶಕ್ಕೆ ಅರ್ಥವಾಯಿತು, ಮಾಮೂಲಿ ಅಂದುಕೊಂಡಿದ್ದು ಮಾಮೂಲಿ ಆಗಿರಲಿಲ್ಲ ಅಂತ. ಯಾರೋ ಬೆವರು ಸುರಿಸಿ ಕಾದುಕೊಂಡು ಬಂದಿದ್ದರು. ನಾವು ಅವರ ಹೆಸರು ಕೇಳಿರಲಿಲ್ಲ, ಅಷ್ಟೇ.

ಹಾಗಾದರೆ ಆ ಕಾಲದ ಆಟಗಾರ ಹೊಟ್ಟೆಗೆ ಏನು ಮಾಡ್ತಿದ್ದ? ಆಟದಿಂದ ಸಿಗಬಹುದಾಗಿದ್ದ ಒಂದೇ ಭದ್ರತೆ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಪೊಲೀಸ್, ಬ್ಯಾಂಕು. ನಮ್ಮ ಕರಾವಳಿ ಬ್ಯಾಂಕುಗಳ ತವರು. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡವೂ ಇತ್ತು, ಬಾಸ್ಕೆಟ್‌ಬಾಲ್ ತಂಡವೂ ಇತ್ತು. ಹಳ್ಳಿಯ ಹುಡುಗ ಚೆನ್ನಾಗಿ ರೈಡ್ ಮಾಡಿದರೆ ಬ್ಯಾಂಕಿನ ಕುರ್ಚಿ ಸಿಗಬಹುದು ಅನ್ನುವ ಆಸೆ ಒಂದಿತ್ತು. ಆ ಆಸೆಯ ಮೇಲೆ ಎಷ್ಟೋ ಅಮ್ಮಂದಿರು ಮಗನನ್ನು ಆಟಕ್ಕೆ ಬಿಟ್ಟರು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನೊಳಗೆ ಸೇರಿಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಕೂಡ ಬೇರೆ ಹೆಸರಿನೊಳಗೆ ಹೋದವು. ಬೋರ್ಡು ಬದಲಾಯಿತು ಅಂತ ನಾವು ಅತ್ತೆವು. ಬೋರ್ಡಿನ ಜೊತೆ ಒಂದು ತಂಡ, ಆ ತಂಡದ ಜೊತೆ ಹತ್ತಾರು ಹುಡುಗರ ಅನ್ನದ ದಾರಿ ಏನಾಯಿತು ಅಂತ ಕೇಳಿದವರು ಕಡಿಮೆ.

ಇತ್ತ 2014ರಲ್ಲಿ ಪ್ರೊ ಕಬಡ್ಡಿ ಬಂತು. ಮಣ್ಣು ಹೋಗಿ ಮ್ಯಾಟು, ಬರಿಗಾಲು ಹೋಗಿ ಶೂ, 30 ಸೆಕೆಂಡಿನ ಗಡಿಯಾರ, ಮೂರನೇ ರೈಡು ಬಂದರೆ ಮಾಡು ಇಲ್ಲವೇ ಮಡಿ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ರಾಕೇಶ್ ಕುಮಾರ್‌ಗೆ, 12.80 ಲಕ್ಷ ರೂಪಾಯಿ. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ನಮ್ಮ ಪ್ರಶಾಂತ್ ರೈ ಅವರನ್ನು ಯುಪಿ ಯೋಧಾ ಕೊಂಡದ್ದು 79 ಲಕ್ಷಕ್ಕೆ. ಅದೇ ಹರಾಜಿನಲ್ಲಿ ಕೋಟಿ ದಾಟಿದವರೂ ಇದ್ದರು. ಅಡಿಕೆ ತೋಟದ ನಡುವಿನ ಹುಡುಗನಿಗೆ ಇಷ್ಟು ದುಡ್ಡು! ನನಗೆ ಖುಷಿಯೇ. ಪ್ರಶಾಂತ್ ರೈ ಅವರ ಗಳಿಕೆಯ ಮೇಲೆ ಯಾರಿಗೂ ಕಣ್ಣು ಬೇಡ. ಅದು ಅವರ ಬೆವರಿನ ಬೆಲೆ.

ಆದರೆ ಒಂದು ಮಾತು. ಪ್ರೊ ಕಬಡ್ಡಿ ಆಕಾಶದಿಂದ ಉದುರಲಿಲ್ಲ. ಕಂಪನಿಗಳು ದುಡ್ಡು ಹಾಕಿದ್ದು ಈ ಆಟಕ್ಕೆ ಜನ ಇದ್ದಾರೆ ಅಂತ ಗೊತ್ತಿದ್ದರಿಂದ. ಆ ಜನರನ್ನು ಸೇರಿಸಿದವರು ಯಾರು? ಟ್ರೋಫಿಗಾಗಿ ರಾತ್ರಿಯಿಡೀ ಆಡಿ, ಬೆಳಗ್ಗೆ ಮೊದಲ ಬಸ್ಸಿಗೆ ಕುಂಟುತ್ತಾ ಮನೆಗೆ ಹೋದವರು. ಬಿತ್ತಿದವರು ಅವರು. ಕೊಯ್ಲಿನ ಹೊತ್ತಿಗೆ ಅವರ ಮೊಣಕಾಲು ಸವೆದಿತ್ತು. ಲೀಗ್ ಶುರುವಾಗುವಾಗ 2007ರ ಗೆಲುವಿಗೆ ಏಳು ವರ್ಷ ತುಂಬುತ್ತಿತ್ತು. ಕಬಡ್ಡಿಯಲ್ಲಿ ಏಳು ವರ್ಷ ಅಂದರೆ ಒಂದು ಇಡೀ ಆಯಸ್ಸು.

ಉದಯ ಚೌಟರಿಗೆ ಸರ್ಕಾರ ಕೊಟ್ಟ ಪ್ರಶಸ್ತಿಯ ಹೆಸರು ನೋಡಿ, ಏಕಲವ್ಯ. ಅರಮನೆಯ ಅಂಗಳದಲ್ಲಿ ಜಾಗ ಸಿಗದೆ ಕಾಡಿನಲ್ಲಿ ಕಲಿತವನು. ಕಲಿತ ಮೇಲೂ ಕೊಟ್ಟವನು ಅವನೇ, ಪಡೆದವನಲ್ಲ. ಈ ಹೆಸರು ಇಟ್ಟವರು ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ, ನಮ್ಮ ಕಬಡ್ಡಿಯ ಆ ತಲೆಮಾರಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗದು.

ನಾನು ಕೇಳೋದು ದೊಡ್ಡದೇನಲ್ಲ. ಪ್ರತಿಮೆ ಬೇಡ, ಸರ್ಕಲ್ಲಿಗೆ ಹೆಸರಿಡುವ ಜಗಳ ಬೇಡ. ಪುತ್ತೂರು, ಸುಳ್ಯ, ಬಂಟ್ವಾಳದ ತಾಲೂಕು ಕ್ರೀಡಾಂಗಣಗಳಲ್ಲಿ ಒಂದೊಂದು ಗೋಡೆ ಸಾಕು. ಕಡಬ ಹೊಸ ತಾಲೂಕು, ಅಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯುವ ಅವಕಾಶವಿದೆ. ಆ ಗೋಡೆಯ ಮೇಲೆ ರಾಜ್ಯಕ್ಕೆ, ದೇಶಕ್ಕೆ ಆಡಿದವರ ಹೆಸರು, ಊರು, ವರ್ಷ. ಯುವಕ ಮಂಡಲದವರು ಹಳೆಯ ಆಟಗಾರರು ಬದುಕಿರುವಾಗಲೇ ಅವರ ಮನೆಗೆ ಹೋಗಿ, ಮೊಬೈಲ್ ತೆಗೆದು, ಒಂದು ಗಂಟೆ ಮಾತಾಡಿಸಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಲಿ. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ.

ಮುಂದಿನ ಹೊನಲು ಬೆಳಕಿನ ಪಂದ್ಯಾಟದಲ್ಲಿ ಬಹುಮಾನದ ಮೊತ್ತ ಕೂಗುವ ಮೊದಲು ಮೈಕಿನವರು ಒಂದು ನಿಮಿಷ ತಗೊಳ್ಳಲಿ. ಮಾಣಿಯಿಂದ ಹೊರಟ ಒಬ್ಬ ಹುಡುಗ ದೇಶಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಅಂತ ಹೇಳಲಿ. ಅಂಕಣದ ಗೆರೆಯ ಆಚೆ ಕೂತ ಹನ್ನೆರಡು ವರ್ಷದ ಯಾವನೋ ಒಬ್ಬ ಅದನ್ನು ಕೇಳಿಸಿಕೊಳ್ತಾನೆ. ಅಷ್ಟಾದರೆ ಸಾಕು.